ವಿಶ್ವವಿದ್ಯಾನಿಲಯದ ಗಣಿತವನ್ನು ಓದುವ ಬಗೆ

ಪ್ರೌಢಶಾಲೆಯಲ್ಲಿಯೂ ಪದವಿಪೂರ್ವ ತರಗತಿಯಲ್ಲಿಯೂ ಗಣಿತದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಅಂಕ ಗಳಿಸಿದ ವಿದ್ಯಾರ್ಥಿಯು ಪದವಿ ತರಗತಿಗೆ ಸೇರಿದ ಕೆಲವೇ ವಾರಗಳಲ್ಲಿ ಅದೇ ಗಣಿತದ ಪುಟವೊಂದರ ಮುಂದೆ ದಿಕ್ಕು ತೋಚದೆ ಕುಳಿತಿರುವುದುಂಟು. ನಿನ್ನೆಯವರೆಗೆ ನೆರೆಹೊರೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವನಿಗೆ ಇಂದು ಒಂದು ಪುಟವನ್ನು ಓದಲು ಒಂದು ಗಂಟೆ ಸಾಲದು. ‘ನನ್ನ ಬುದ್ಧಿ ಇಷ್ಟೇ ಇರಬೇಕು, ಗಣಿತ ನನಗೆ ಹೇಳಿಸಿದ್ದಲ್ಲ’ ಎಂದು ಆತನು ತೀರ್ಮಾನಿಸಿಬಿಡುತ್ತಾನೆ. ಹೀಗೆ ತೀರ್ಮಾನಿಸಿ ಬೇರೆ ವಿಷಯಕ್ಕೆ ಹೊರಳಿದವರೂ, ಓದನ್ನೇ ಬಿಟ್ಟವರೂ ಇದ್ದಾರೆ. ಈ ತೀರ್ಮಾನವು ಬಹುಮಟ್ಟಿಗೆ ತಪ್ಪು. ಇಲ್ಲಿ ಬದಲಾದುದು ವಿದ್ಯಾರ್ಥಿಯ ಬುದ್ಧಿಯಲ್ಲ, ಗಣಿತವು ಅವನಿಂದ ಬೇಡುವ ಕೆಲಸ. ಕೆಲಸ ಬದಲಾದ ಮೇಲೂ ಓದುವ ರೂಢಿ ಬದಲಾಗದಿದ್ದರೆ ತೊಡಕು ಉಂಟಾಗುವುದು ಸಹಜ. ಆ ಬದಲಾವಣೆ ಏನು, ಅದಕ್ಕೆ ತಕ್ಕಂತೆ ನಮ್ಮ ಅಭ್ಯಾಸವನ್ನು ತಿದ್ದಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಎರಡು ಬಗೆಯ ಕೆಲಸ

ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಗಣಿತ ಪತ್ರಿಕೆಯಲ್ಲಿ ೬೦ ಪ್ರಶ್ನೆಗಳಿರುತ್ತವೆ. ಉತ್ತರಿಸಲು ೮೦ ನಿಮಿಷಗಳ ಕಾಲಾವಕಾಶ. ಅಂದರೆ ಒಂದು ಪ್ರಶ್ನೆಗೆ ೮೦ ಸೆಕೆಂಡು. ಅಷ್ಟರಲ್ಲಿ ಪ್ರಶ್ನೆಯನ್ನು ಓದಿ, ಅದು ಯಾವ ಜಾತಿಯದೆಂದು ಗುರುತಿಸಿ, ಅದಕ್ಕೆ ತಕ್ಕ ಸೂತ್ರವನ್ನು ನೆನೆದು, ಲೆಕ್ಕ ಮಾಡಿ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಇದಕ್ಕೆ ಬೇಕಾದ ಮುಖ್ಯ ಶಕ್ತಿ ಗುರುತಿಸುವ ಶಕ್ತಿ. ನೂರಾರು ಮಾದರಿ ಲೆಕ್ಕಗಳನ್ನು ಮಾಡಿದವನಿಗೆ ಹೊಸ ಲೆಕ್ಕವು ಹಳೆಯದರ ತಮ್ಮನಂತೆ ಕಾಣುತ್ತದೆ. ಕೈ ತಾನಾಗಿ ನಡೆಯುತ್ತದೆ.

ಈ ಶಕ್ತಿಯನ್ನು ಹಳಿಯಬೇಕಾಗಿಲ್ಲ. ಮಗ್ಗಿ ಬಾರದವನಿಗೆ ಭಾಗಾಕಾರ ಹೇಗೆ ಕಷ್ಟವೋ, ಬೀಜಗಣಿತದಲ್ಲಿ ಕೈ ಪಳಗದವನಿಗೆ ಮುಂದಿನ ಗಣಿತವೂ ಹಾಗೆಯೇ ಕಷ್ಟ. ಆದರೆ ವಿಶ್ವವಿದ್ಯಾನಿಲಯದ ಗಣಿತದಲ್ಲಿ ಈ ಶಕ್ತಿಯೊಂದೇ ಸಾಲದು. ಅಲ್ಲಿ ಪ್ರಶ್ನೆಯ ರೂಪವೇ ಬೇರೆ. ‘ಕಂಡುಹಿಡಿಯಿರಿ’ ಎಂಬುದರ ಬದಲು ‘ಸಾಧಿಸಿರಿ’, ‘ಇದು ನಿಜವೇ? ಅಲ್ಲವಾದರೆ ಒಂದು ವಿರುದ್ಧ ನಿದರ್ಶನ ಕೊಡಿರಿ’ ಎಂಬ ಮಾತುಗಳು ಬರುತ್ತವೆ. ಇಲ್ಲಿ ಗುರುತಿಸಲು ಹಳೆಯ ಮಾದರಿ ಇಲ್ಲ. ವಾಕ್ಯವನ್ನು ಪದಪದವಾಗಿ ವಿಚಾರಣೆಗೆ ಒಳಪಡಿಸಬೇಕು. ಒಂದು ವ್ಯಾಖ್ಯೆಗೆ ೮೦ ಸೆಕೆಂಡಿನ ಬದಲು ೮೦ ನಿಮಿಷ ಹಿಡಿದರೆ ಅದು ಮಂದಬುದ್ಧಿಯ ಗುರುತಲ್ಲ. ಆ ಕೆಲಸಕ್ಕೆ ಹಿಡಿಯುವ ಕಾಲವೇ ಅಷ್ಟು.

ಹಾಗಾದರೆ ಈ ವಿಚಾರಣೆ ಎಂದರೇನು? ಎಲ್ಲರಿಗೂ ತಿಳಿದ ಒಂದು ಸಾಧನೆಯಿಂದಲೇ ತೊಡಗೋಣ.

ತಿಳಿದ ಸಾಧನೆಯನ್ನು ಮತ್ತೆ ಓದುವುದು

√೨ ಎಂಬುದು ಅಭಾಗಲಬ್ಧ ಸಂಖ್ಯೆ ಎಂಬ ಪ್ರಮೇಯವನ್ನು ಹತ್ತನೆಯ ತರಗತಿಯಲ್ಲಿಯೇ ಓದಿರುತ್ತೇವೆ. ಸಾಧನೆ ಹೀಗಿದೆ: √೨ ಭಾಗಲಬ್ಧವೆಂದು ಇಟ್ಟುಕೊಳ್ಳೋಣ. ಆಗ √೨ = ಅ/ಬ; ಇಲ್ಲಿ ಅ, ಬ ಎಂಬ ಪೂರ್ಣಾಂಕಗಳಿಗೆ ೧ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ಎರಡು ಕಡೆಯನ್ನೂ ವರ್ಗಮಾಡಿದರೆ ಅ² = ೨ಬ². ಆದುದರಿಂದ ೨ ಎಂಬುದು ಅ² ಅನ್ನು ಭಾಗಿಸುತ್ತದೆ. ಆದುದರಿಂದ ಅ ಅನ್ನೂ ಭಾಗಿಸುತ್ತದೆ. ಅ = ೨ಕ ಎಂದಿಟ್ಟರೆ ೪ಕ² = ೨ಬ², ಅಂದರೆ ಬ² = ೨ಕ². ಹಾಗಾಗಿ ೨ ಎಂಬುದು ಬ ಅನ್ನೂ ಭಾಗಿಸುತ್ತದೆ. ಅ, ಬ ಎರಡಕ್ಕೂ ೨ ಸಾಮಾನ್ಯ ಅಪವರ್ತನವಾಯಿತು. ಇದು ಮೊದಲಿನ ಮಾತಿಗೆ ವಿರುದ್ಧ.

ಪರೀಕ್ಷೆಯಲ್ಲಿ ಈ ಸಾಲುಗಳನ್ನು ತಪ್ಪಿಲ್ಲದೆ ಬರೆದರೆ ಪೂರ್ಣ ಅಂಕ. ವಿಶ್ವವಿದ್ಯಾನಿಲಯದ ರೀತಿಯಲ್ಲಿ ಓದುವವನಿಗಾದರೋ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಆತನು ಕೇಳಬೇಕಾದ ಪ್ರಶ್ನೆ ಇದು: ೨ರ ಸ್ಥಾನದಲ್ಲಿ ೪ನ್ನು ಇಟ್ಟು ಇದೇ ಸಾಧನೆಯನ್ನು ಬರೆದರೆ ಏನಾಗುತ್ತದೆ? √೪ ಅಭಾಗಲಬ್ಧವೆಂದು ಸಿದ್ಧವಾಗಿಬಿಡುವುದೇ? ಹಾಗಾಗಲಾರದು, √೪ ಎಂದರೆ ೨ ಅಷ್ಟೆ. ಹಾಗಿದ್ದರೆ ಯಾವುದೋ ಒಂದು ಹೆಜ್ಜೆ ಮುರಿಯಲೇಬೇಕು. ಅದು ಯಾವುದು?

ಪೆನ್ಸಿಲು ಹಿಡಿದು ಹುಡುಕಿದರೆ ಆ ಹೆಜ್ಜೆ ಸಿಕ್ಕುತ್ತದೆ. ‘೪ ಎಂಬುದು ಅ² ಅನ್ನು ಭಾಗಿಸಿದರೆ ಅ ಅನ್ನೂ ಭಾಗಿಸುತ್ತದೆ’ ಎಂಬ ಮಾತು ಸುಳ್ಳು. ೬ರ ವರ್ಗ ೩೬ ಅನ್ನು ೪ ಭಾಗಿಸುತ್ತದೆ, ೬ನ್ನು ಭಾಗಿಸುವುದಿಲ್ಲ. ೨ರ ವಿಷಯದಲ್ಲಿ ಆ ಮಾತು ನಿಜವಾದುದು ೨ ಅವಿಭಾಜ್ಯ ಸಂಖ್ಯೆಯಾದುದರಿಂದ. ಇಡೀ ಸಾಧನೆಯು ಆ ಒಂದು ‘ಆದುದರಿಂದ’ದ ಮೇಲೆ ನಿಂತಿದೆ ಎಂಬುದು ಈಗ ಕಾಣುತ್ತದೆ. ಸಾಧನೆಯನ್ನು ಹತ್ತು ಸಲ ಬಾಯಿಪಾಠ ಮಾಡಿದರೂ ಕಾಣದ ಈ ವಿಷಯವು, ಅದನ್ನು ಒಮ್ಮೆ ಕೆಡಿಸಿ ನೋಡಿದೊಡನೆ ಕಾಣುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ೪ರ ಬದಲು ೧೨ ಇಟ್ಟರೆ? ೩೬ ಅನ್ನು ೧೨ ಭಾಗಿಸುತ್ತದೆ, ೬ನ್ನು ಭಾಗಿಸುವುದಿಲ್ಲ. ಇಲ್ಲಿಯೂ ಅದೇ ಹೆಜ್ಜೆ ಮುರಿಯಿತು. ಆದರೆ √೧೨ ಎಂದರೆ ೨√೩, ಅದು ಅಭಾಗಲಬ್ಧವೇ. ಒಂದು ಸಾಧನೆ ಮುರಿದ ಮಾತ್ರಕ್ಕೆ ಸಾಧನೀಯವು ಸುಳ್ಳಾಗುವುದಿಲ್ಲ. ಅದಕ್ಕೆ ಬೇರೆ ದಾರಿ ಬೇಕು ಎಂದಷ್ಟೇ ಅರ್ಥ. ಈ ಸೂಕ್ಷ್ಮವನ್ನು ಸ್ವಂತ ಕೈಯಿಂದ ಕಂಡುಕೊಂಡವನು ಕಾಲೇಜಿನ ಗಣಿತದ ಹೊಸಿಲನ್ನು ದಾಟಿದನೆಂದೇ ಹೇಳಬಹುದು.

ವ್ಯಾಖ್ಯೆಯಲ್ಲಿ ಪದಗಳ ಕ್ರಮ

ಪದವಿ ತರಗತಿಯಲ್ಲಿ ಹೊಸಬರನ್ನು ಹೆಚ್ಚಾಗಿ ಕಂಗೆಡಿಸುವುದು ಮಿತಿಯ ವ್ಯಾಖ್ಯೆ. ತರಗತಿಯಲ್ಲಿ ಇದನ್ನು ಲಿಮಿಟ್ ಎನ್ನುತ್ತಾರೆ. ೧, ೧/೨, ೧/೩, ೧/೪ ಎಂದು ಮುಂದುವರಿಯುವ ಶ್ರೇಣಿಯು ಸೊನ್ನೆಯನ್ನು ಸಮೀಪಿಸುತ್ತದೆ ಎಂದು ಪದವಿಪೂರ್ವ ತರಗತಿಯಲ್ಲಿಯೇ ತಿಳಿದಿರುತ್ತೇವೆ. ಪದವಿ ತರಗತಿಯ ಪುಸ್ತಕವು ಇದೇ ಮಾತನ್ನು ಹೀಗೆ ಹೇಳುತ್ತದೆ: ಎಪ್ಸಿಲಾನ್ ಎಂಬ ಧನಸಂಖ್ಯೆ ಯಾವುದೇ ಆಗಿರಲಿ, ಅದಕ್ಕೆ ತಕ್ಕಂತೆ ಮ ಎಂಬ ಒಂದು ಪೂರ್ಣಾಂಕವು ಉಂಟು, ನ ಎಂಬುದು ಮ-ಗಿಂತ ದೊಡ್ಡದಾದಾಗಲೆಲ್ಲ ಶ್ರೇಣಿಯ ನ-ನೆಯ ಪದಕ್ಕೂ ಮಿತಿಗೂ ಇರುವ ಅಂತರವು ಎಪ್ಸಿಲಾನಿಗಿಂತ ಕಡಮೆ.

ಸುಲಭವಾದುದನ್ನು ಇಷ್ಟು ಕಠಿಣವಾಗಿ ಏಕೆ ಹೇಳಬೇಕು ಎಂದು ವಿದ್ಯಾರ್ಥಿಗೆ ತೋರುತ್ತದೆ. ಈ ವಾಕ್ಯವನ್ನು ಗಟ್ಟಿಮಾಡುವ ಮೊದಲು ಅದರೊಳಗೆ ಅಂಕಿಗಳನ್ನು ಹಾಕಿ ನೋಡಬೇಕು. ಎಪ್ಸಿಲಾನ್ ೧/೧೦೦ ಆಗಿರಲಿ; ಮ = ೧೦೦ ಎಂದರೆ ಸಾಕು, ೧೦೦ರ ಆಚೆಯ ಪದಗಳೆಲ್ಲ ೧/೧೦೦ಕ್ಕಿಂತ ಚಿಕ್ಕವು. ಎಪ್ಸಿಲಾನ್ ೧/೧೦೦೦ ಆದರೆ ಹಳೆಯ ಮ ಸಾಲದು, ೧೦೦೦ ಬೇಕು. ಪ್ರಶ್ನೆ ಬಿಗಿಯಾದಷ್ಟೂ ಉತ್ತರ ದೊಡ್ಡದಾಗುತ್ತದೆ. ಅಂದರೆ ಮ ಎಂಬುದು ಎಪ್ಸಿಲಾನ್ ಅನ್ನು ಅವಲಂಬಿಸಿದೆ. ವ್ಯಾಖ್ಯೆಯಲ್ಲಿ ‘ಅದಕ್ಕೆ ತಕ್ಕಂತೆ’ ಎಂಬ ಮಾತು ಬಂದುದು ಇದಕ್ಕಾಗಿಯೇ.

ಈಗ ಪದಗಳ ಕ್ರಮವನ್ನು ಬದಲಿಸಿ ನೋಡೋಣ: ‘ಮ ಎಂಬ ಒಂದು ಪೂರ್ಣಾಂಕವು ಉಂಟು, ಎಪ್ಸಿಲಾನ್ ಯಾವುದೇ ಆಗಿರಲಿ, ಆ ಒಂದೇ ಮ ಸಾಕು.’ ಇದು ಬೇರೆಯೇ ಮಾತು. ಮೇಲಿನ ಶ್ರೇಣಿಗೆ ಸುಳ್ಳು ಕೂಡ. ಏಕೆಂದರೆ ಅಂಥ ಮ ಇದ್ದರೆ, ಅದರ ಮುಂದಿನ ಪದವಾದ ೧/(ಮ+೧) ಎಂಬುದನ್ನೇ ಎಪ್ಸಿಲಾನ್ ಎಂದು ಆರಿಸಿಕೊಳ್ಳಬಹುದು. ಆಗ ಆ ಸಂಖ್ಯೆಯು ತನಗಿಂತ ತಾನೇ ಚಿಕ್ಕದಾಗಬೇಕಾಗುತ್ತದೆ!

ಈ ಭೇದವನ್ನು ತಿಳಿಯಲು ಗಣಿತವೇ ಬೇಕೆಂದಿಲ್ಲ. ಯಲಹಂಕದ ಬಸ್ ನಿಲ್ದಾಣದಲ್ಲಿ ನಿಂತವನಿಗೆ ಒಬ್ಬನು, ‘ದೊಡ್ಡಬಳ್ಳಾಪುರ, ದೇವನಹಳ್ಳಿ, ಹೆಬ್ಬಾಳ, ಯಶವಂತಪುರ, ಇವುಗಳಲ್ಲಿ ಯಾವ ಊರನ್ನೇ ಹೇಳಿ, ಅಲ್ಲಿಗೆ ಒಂದು ಬಸ್ಸುಂಟು’ ಎನ್ನುತ್ತಾನೆ. ಇನ್ನೊಬ್ಬನು, ‘ಒಂದು ಬಸ್ಸುಂಟು, ಅದು ಈ ಎಲ್ಲ ಊರುಗಳಿಗೂ ಹೋಗುತ್ತದೆ’ ಎನ್ನುತ್ತಾನೆ. ಎರಡರಲ್ಲಿಯೂ ಪದಗಳು ಹೆಚ್ಚುಕಡಮೆ ಅವೇ. ಆದರೆ ಎರಡನೆಯ ಮಾತನ್ನು ನಂಬಿ ಕುಳಿತ ಪ್ರಯಾಣಿಕನು ಊರು ಸೇರಲಾರನು. ಗಣಿತದಲ್ಲಿ ‘ಪ್ರತಿಯೊಂದಕ್ಕೂ’ ಮತ್ತು ‘ಒಂದು ಉಂಟು’ ಎಂಬ ಮಾತುಗಳ ಕ್ರಮಕ್ಕೆ ಇಷ್ಟು ಬೆಲೆ.

ಹಿರಿಯರೂ ಎಡವಿದ ಸ್ಥಳ

ಇದು ಕೇವಲ ವಿದ್ಯಾರ್ಥಿಗಳ ತೊಡಕೆಂದು ತಿಳಿಯಬಾರದು. ಫ್ರೆಂಚ್ ಗಣಿತಜ್ಞನಾದ ಕೋಶಿಯು ೧೮೨೧ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳಿಗಾಗಿ ಒಂದು ಪ್ರಸಿದ್ಧ ಪಠ್ಯಪುಸ್ತಕವನ್ನು ಪ್ರಕಟಿಸಿದನು. ಅವಿಚ್ಛಿನ್ನವಾದ ಉತ್ಪನ್ನಗಳನ್ನು ಕೊನೆಯಿಲ್ಲದೆ ಕೂಡುತ್ತ ಹೋದಾಗ ಮೊತ್ತಕ್ಕೆ ಮಿತಿ ಇದ್ದರೆ, ಆ ಮೊತ್ತವೂ ಅವಿಚ್ಛಿನ್ನವೇ ಎಂದು ಅದರಲ್ಲಿ ಹೇಳಿದನು. ೧೮೨೬ರಲ್ಲಿ ನಾರ್ವೆ ದೇಶದ ತರುಣ ಗಣಿತಜ್ಞ ಅಬೆಲ್, ಈ ಪ್ರಮೇಯಕ್ಕೆ ಅಪವಾದಗಳಿರುವಂತೆ ತೋರುತ್ತದೆಂದು ಸೂಚಿಸಿದನು. ತೊಡಕು ಎಲ್ಲಿದೆಯೆಂಬುದು ಪೂರ್ಣವಾಗಿ ತಿಳಿಯಾಗಲು ಇನ್ನೂ ಹಲವು ವರ್ಷಗಳು ಬೇಕಾದುವು.

ಆ ತೊಡಕಿನ ತಿರುಳನ್ನು ಒಂದು ಸಣ್ಣ ಲೆಕ್ಕದಿಂದ ಕಾಣಬಹುದು. ಸೊನ್ನೆಗೂ ಒಂದಕ್ಕೂ ನಡುವಣ ಒಂದು ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತ ಹೋಗೋಣ. ಗುಣಲಬ್ಧವು ಸೊನ್ನೆಯನ್ನು ಸಮೀಪಿಸುತ್ತದೆ. ಅದು ೦.೦೧ಕ್ಕಿಂತ ಕಡಮೆಯಾಗಲು ಎಷ್ಟನೆಯ ಘಾತ ಬೇಕು? ೦.೫ ಎಂಬ ಸಂಖ್ಯೆಗೆ ೭ನೆಯ ಘಾತ ಸಾಕು. ೦.೯ಕ್ಕೆ ೪೪ನೆಯದು ಬೇಕು. ೦.೯೯ಕ್ಕೆ ೪೫೯ನೆಯದು. ಒಂದಕ್ಕೆ ಹತ್ತಿರವಾದಷ್ಟೂ ಇದು ಬೆಳೆಯುತ್ತಲೇ ಹೋಗುತ್ತದೆ. ಪ್ರತಿಯೊಂದು ಸಂಖ್ಯೆಗೂ ಒಂದು ಘಾತವುಂಟು. ಎಲ್ಲಕ್ಕೂ ಸಾಕಾಗುವ ಒಂದೇ ಘಾತವಿಲ್ಲ. ಸರಿಯಾಗಿ ೧ ಎಂಬಲ್ಲಿಯಾದರೋ ಗುಣಲಬ್ಧವು ಯಾವಾಗಲೂ ೧ ಆಗಿಯೇ ಉಳಿಯುತ್ತದೆ. ಹೀಗಾಗಿ ಎಲ್ಲಿಯೂ ಕಡಿಯದ ರೇಖೆಗಳು ಮಿತಿಯಲ್ಲಿ ಕಡಿದುಹೋಗುತ್ತವೆ: ೧ರವರೆಗೆ ಸೊನ್ನೆ, ೧ರಲ್ಲಿ ಥಟ್ಟನೆ ಒಂದು. ಯಲಹಂಕದ ಬಸ್ಸಿನ ಭೇದವೇ ಇಲ್ಲಿಯೂ ಇದೆ. ಈ ಭೇದಕ್ಕೆ ಸ್ಪಷ್ಟವಾದ ಹೆಸರು ಕೊಟ್ಟು ವ್ಯಾಖ್ಯೆಯನ್ನು ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಗಣಿತಜ್ಞರ ದೊಡ್ಡ ಕೆಲಸಗಳಲ್ಲಿ ಒಂದು. ನಮ್ಮ ಪಠ್ಯಪುಸ್ತಕದ ಬಿಗಿಯಾದ ವಾಕ್ಯಗಳ ಹಿಂದೆ ಇಂಥ ಎಡವಿದ ಅನುಭವಗಳಿವೆ. ಅವು ವಿದ್ಯಾರ್ಥಿಯನ್ನು ಕಾಡುವುದಕ್ಕೆಂದು ಹುಟ್ಟಿದುವಲ್ಲ.

ಭಾಷೆಯ ಪ್ರಶ್ನೆ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇನ್ನೊಂದು ಕಷ್ಟವೂ ಸೇರಿಕೊಳ್ಳುತ್ತದೆ. ಹತ್ತನೆಯ ತರಗತಿಯವರೆಗೆ ‘ದತ್ತ, ಸಾಧನೀಯ, ರಚನೆ, ಸಾಧನೆ’ ಎಂದು ಬರೆದವರು ಮುಂದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಆಗ ಅರ್ಥವಾಗದೆ ಇರುವುದು ಭಾಷೆಯೋ ಗಣಿತವೋ ಎಂಬುದೇ ತಿಳಿಯದಾಗುತ್ತದೆ. ಇದನ್ನು ಬೇರ್ಪಡಿಸುವ ಉಪಾಯವೊಂದಿದೆ. ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಓದಿ, ಪುಸ್ತಕವನ್ನು ಮುಚ್ಚಿ, ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಅನಂತರ ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಬರೆದು ಪುಸ್ತಕದೊಡನೆ ಹೋಲಿಸಬೇಕು. ಎಲ್ಲಿ ತಪ್ಪಿತೋ ಅಲ್ಲಿಯೇ ತಿಳಿವಳಿಕೆಯ ಕೊರತೆ ಇದೆ.

ಆದರೆ ಆಡುಮಾತಿನ ಸಡಿಲತೆಯ ವಿಷಯದಲ್ಲಿ ಎಚ್ಚರವಿರಲಿ. ‘ಎಲ್ಲ ಬಸ್ಸುಗಳೂ ಹೆಬ್ಬಾಳಕ್ಕೆ ಹೋಗುವುದಿಲ್ಲ’ ಎಂದರೆ ಒಂದು ಬಸ್ಸೂ ಹೋಗುವುದಿಲ್ಲವೆಂದೋ, ಹೋಗದ ಬಸ್ಸು ಕೆಲವುಂಟು ಎಂದೋ? ಮಾತನಾಡುವಾಗ ಸಂದರ್ಭದಿಂದ ತಿಳಿಯುತ್ತದೆ. ಗಣಿತದಲ್ಲಿ ಸಂದರ್ಭವು ನೆರವಿಗೆ ಬಾರದು. ‘ಎಲ್ಲವೂ ಹೀಗಿವೆ’ ಎಂಬುದರ ನಿಷೇಧವು ‘ಹೀಗಿರದುದು ಒಂದಾದರೂ ಉಂಟು’ ಎಂಬುದೇ ಹೊರತು ‘ಯಾವುದೂ ಹೀಗಿಲ್ಲ’ ಎಂಬುದಲ್ಲ. ವಿರುದ್ಧ ನಿದರ್ಶನವನ್ನು ಹುಡುಕುವುದೆಂದರೆ ಆ ‘ಒಂದ’ನ್ನು ಹುಡುಕುವುದು. ಕನ್ನಡದಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಹೇಳಲು ಕಲಿತವನಿಗೆ ಯಾವ ಭಾಷೆಯಲ್ಲಿಯೂ ಭಯವಿಲ್ಲ.

ದಿನದ ಅಭ್ಯಾಸ

ಇಷ್ಟನ್ನು ನಿತ್ಯದ ಓದಿಗೆ ಅಳವಡಿಸಿಕೊಳ್ಳುವ ಕ್ರಮವನ್ನು ಈಗ ಹೇಳಬಹುದು.

ಮೊದಲನೆಯದಾಗಿ, ತರಗತಿಗೆ ಹೋಗುವ ಮುನ್ನ ಆ ದಿನದ ಹೊಸ ವ್ಯಾಖ್ಯೆಗಳನ್ನು ಒಮ್ಮೆ ಓದಿಕೊಂಡಿರಬೇಕು. ಅರ್ಥವಾಗಬೇಕೆಂದಿಲ್ಲ, ಯಾವ ಪದ ಅರ್ಥವಾಗಲಿಲ್ಲವೆಂದು ಗುರುತಿಸಿದ್ದರೆ ಸಾಕು. ಅಧ್ಯಾಪಕರ ಮಾತನ್ನು ಕೇಳುವಾಗ ಕಿವಿ ಆ ಪದಕ್ಕಾಗಿ ಕಾದಿರುತ್ತದೆ.

ಎರಡನೆಯದಾಗಿ, ಅದೇ ಸಂಜೆ ಟಿಪ್ಪಣಿ ಪುಸ್ತಕವನ್ನು ಮುಚ್ಚಿಟ್ಟು ಬಿಳಿಯ ಹಾಳೆಯ ಮೇಲೆ ಆ ದಿನದ ಪ್ರಮೇಯವನ್ನೂ ಸಾಧನೆಯ ಮುಖ್ಯ ಹೆಜ್ಜೆಗಳನ್ನೂ ಬರೆಯಲು ಪ್ರಯತ್ನಿಸಬೇಕು. ಓದುವಾಗ ಎಲ್ಲವೂ ತಿಳಿದಂತೆ ತೋರುವುದು ಸಹಜ. ತಿಳಿದಿದೆಯೇ ಇಲ್ಲವೇ ಎಂಬುದನ್ನು ಬಿಳಿಯ ಹಾಳೆಯೇ ಹೇಳಬೇಕು. ಯಲಹಂಕದಿಂದ ಯಶವಂತಪುರಕ್ಕೆ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಓಡಾಡುವ ವಿದ್ಯಾರ್ಥಿಗೆ ಪ್ರಯಾಣದ ಹೊತ್ತೂ ಇದಕ್ಕೆ ಒದಗುತ್ತದೆ. ಪುಸ್ತಕ ತೆರೆಯದೆ ಒಂದು ವ್ಯಾಖ್ಯೆಯನ್ನು ಮನಸ್ಸಿನಲ್ಲಿಯೇ ಕಟ್ಟಿ ನೋಡಲು ಕೂರುವ ಸ್ಥಳವೂ ಬೇಕಾಗಿಲ್ಲ.

ಮೂರನೆಯದಾಗಿ, ಪ್ರತಿಯೊಂದು ವ್ಯಾಖ್ಯೆಯ ಎದುರಿಗೆ ಎರಡು ನಿದರ್ಶನಗಳನ್ನು ಬರೆಯಬೇಕು: ವ್ಯಾಖ್ಯೆಗೆ ಹೊಂದುವುದು ಒಂದು, ಸ್ವಲ್ಪದರಲ್ಲಿ ಹೊಂದದೆ ಹೋದುದು ಇನ್ನೊಂದು. ಪ್ರತಿಯೊಂದು ಪ್ರಮೇಯದ ಎದುರಿಗೆ, ಅದರ ದತ್ತಗಳಲ್ಲಿ ಒಂದನ್ನು ತೆಗೆದುಹಾಕಿದರೆ ಏನು ಕೆಡುತ್ತದೆಂದು ಬರೆಯಬೇಕು. √೨ರ ಸ್ಥಾನದಲ್ಲಿ √೪ ಇಟ್ಟಂತೆ ಇದು.

ನಾಲ್ಕನೆಯದಾಗಿ, ಉತ್ತರವನ್ನು ನೋಡುವ ಮುನ್ನ ಪ್ರಶ್ನೆಯೊಡನೆ ಸಾಕಷ್ಟು ಹೊತ್ತು ಕಳೆಯಬೇಕು. ಅರ್ಧ ಗಂಟೆ ಏನೂ ಹೊಳೆಯದಿದ್ದರೂ ಆ ಹೊತ್ತು ವ್ಯರ್ಥವಲ್ಲ. ಯಾವ ದಾರಿಗಳು ಮುಚ್ಚಿವೆ ಎಂದು ತಿಳಿದವನಿಗೇ ತೆರೆದ ದಾರಿಯ ಬೆಲೆ ಗೊತ್ತಾಗುತ್ತದೆ. ಬಿಟ್ಟು ಮಲಗಿ ಮರುದಿನ ಮತ್ತೆ ಹಿಡಿಯಬಹುದು. ಗೈಡು ಪುಸ್ತಕವನ್ನು ಮೊದಲೇ ತೆರೆದವನು ಈ ಲಾಭವನ್ನು ಕಳೆದುಕೊಳ್ಳುತ್ತಾನೆ.

ಐದನೆಯದು ಜೊತೆಗಾರನ ವಿಷಯ. ವಾರಕ್ಕೊಮ್ಮೆಯಾದರೂ ಒಬ್ಬ ಸಹಪಾಠಿಗೆ ಒಂದು ಸಾಧನೆಯನ್ನು ವಿವರಿಸಬೇಕು. ಪ್ರತಿಯೊಂದು ‘ಆದುದರಿಂದ’ಕ್ಕೂ ಆತನು ‘ಏಕೆ?’ ಎಂದು ಕೇಳಬೇಕು. ಭಾರತದ ಗಣಿತದಲ್ಲಿಯೇ ಜೊತೆಗಾರಿಕೆಯ ಒಳ್ಳೆಯ ಉದಾಹರಣೆಯುಂಟು. ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ ಮದರಾಸಿನ ಲೊಯೊಲಾ ಕಾಲೇಜಿನಲ್ಲಿ ಓದಿ, ೧೯೫೩ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸಂಶೋಧನಾ ವಿದ್ಯಾರ್ಥಿಗಳಾಗಿ ಸೇರಿದರು. ೧೯೬೫ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದ ಪ್ರಮೇಯವು ಇಂದಿಗೂ ಇಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನರಸಿಂಹನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು ೨೦೨೧ರಲ್ಲಿ ತೀರಿಕೊಂಡರು.

ಇದರಿಂದ ಏನು ಲಾಭ?

‘ಇಷ್ಟೆಲ್ಲ ಏಕೆ? ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಬಂದ ಸಾಧನೆಗಳನ್ನು ಬಾಯಿಪಾಠ ಮಾಡಿದರೆ ಪದವಿ ಸಿಕ್ಕುವುದಿಲ್ಲವೇ?’ ಎಂದು ಯಾರಾದರೂ ಕೇಳಬಹುದು. ಎಷ್ಟೋ ಪರೀಕ್ಷೆಗಳಲ್ಲಿ ಅದು ಸಾಕಾಗುವುದೂ ಉಂಟು. ಆದರೆ ಪದವಿಯ ಆಚೆಗೆ ಬಾಯಿಪಾಠವು ನಡೆಯುವುದಿಲ್ಲ. ಬೆಂಗಳೂರಿನ ಉತ್ತರ ಭಾಗದಲ್ಲಿರುವ ವಿದ್ಯಾರ್ಥಿಗೆ ಉನ್ನತ ಗಣಿತದ ಬಾಗಿಲುಗಳು ದೂರವಿಲ್ಲ. ಯಶವಂತಪುರದ ಹತ್ತಿರವೇ ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ೨೦೧೧ರಿಂದ ಅಲ್ಲಿ ನಾಲ್ಕು ವರ್ಷಗಳ ಪದವಿ ಶಿಕ್ಷಣವೂ ನಡೆಯುತ್ತಿದೆ. ಯಲಹಂಕ ಉಪನಗರದಲ್ಲಿ ಟಾಟಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರವಿದೆ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಅದೇ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರವಿದೆ. ಇಂಥಲ್ಲಿ ಸಂದರ್ಶನಕ್ಕೆ ಹೋದವನನ್ನು ಕೇಳುವುದು ಪ್ರಮೇಯದ ಪಾಠವನ್ನಲ್ಲ. ‘ಈ ದತ್ತವನ್ನು ಬಿಟ್ಟರೆ ಏನಾಗುತ್ತದೆ?’ ಎಂಬ ಮಾತನ್ನು. ಮೂರು ವರ್ಷ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡವನಿಗೆ ಅಲ್ಲಿ ಅಂಜಿಕೆಯಿಲ್ಲ.

ಕಾಲೇಜಿನಲ್ಲಿ ಇಂಥ ವಾತಾವರಣ ದೊರೆಯದವರಿಗೆಂದೇ ೧೯೯೩ರಲ್ಲಿ ಪ್ರಾಧ್ಯಾಪಕ ಎಸ್. ಕುಮರೇಶನ್ ಅವರ ನೇತೃತ್ವದಲ್ಲಿ ‘ಎಂ.ಟಿ.ಟಿ.ಎಸ್.’ ಎಂಬ ಬೇಸಗೆಯ ಗಣಿತ ಶಿಬಿರ ಆರಂಭವಾಯಿತು. ಅಲ್ಲಿ ಅಧ್ಯಾಪಕರು ಉಪನ್ಯಾಸಕ್ಕಿಂತ ಹೆಚ್ಚಾಗಿ ಪ್ರಶ್ನೆಗಳಿಂದಲೇ ಪಾಠ ನಡೆಸುತ್ತಾರೆ. ವಿದ್ಯಾರ್ಥಿಗಳು ತಾವೇ ಯೋಚಿಸಿ ಉತ್ತರ ಕಟ್ಟಬೇಕು. ನಾನಾ ರಾಜ್ಯಗಳಿಂದ ಬಂದ, ದೊಡ್ಡ ಹೆಸರಿಲ್ಲದ ಕಾಲೇಜುಗಳ ವಿದ್ಯಾರ್ಥಿಗಳೂ ಇದರ ಪ್ರಯೋಜನ ಪಡೆದಿದ್ದಾರೆ. ಯೋಚಿಸುವ ರೂಢಿಯನ್ನು ಕಲಿಯಬಹುದು, ಕಲಿಸಬಹುದು ಎಂಬ ನಂಬಿಕೆಯೇ ಇಂಥ ಶಿಬಿರಗಳ ತಳಹದಿ.

ಆದುದರಿಂದ ಮೊದಲ ಅರ್ಧವರ್ಷದ ಕಷ್ಟವನ್ನು ಕಂಡು ವಿದ್ಯಾರ್ಥಿಗಳು ಧೃತಿಗೆಡಬಾರದು. ನಿಧಾನವಾಗಿ ಓದುವುದನ್ನು ಕಲಿಯುತ್ತಿರುವವನು ಹಿಂದೆ ಬಿದ್ದವನಲ್ಲ.

ಅಭ್ಯಾಸಕ್ಕೆ

೧. √೬ ಅಭಾಗಲಬ್ಧವೆಂದು ಸಾಧಿಸಿರಿ. ೬ ಅವಿಭಾಜ್ಯವಲ್ಲದಿದ್ದರೂ ಮೇಲಿನ ಸಾಧನೆ ಇಲ್ಲಿ ಮುರಿಯದೆ ನಿಲ್ಲುವುದೇಕೆ? ೧೨ರಲ್ಲಿ ಇಲ್ಲದ ಯಾವ ಗುಣ ೬ರಲ್ಲಿದೆ?

೨. ಒಂದು ಎಪ್ಸಿಲಾನಿಗೆ ಒಂದು ಮ ಸಾಕಾದರೆ, ಅದಕ್ಕಿಂತ ದೊಡ್ಡ ಮ ಕೂಡ ಸಾಕಾಗುವುದೇ? ಅದೇ ಮ ಇನ್ನೂ ದೊಡ್ಡ ಎಪ್ಸಿಲಾನಿಗೆ ಸಾಕಾಗುವುದೇ? ಕಾರಣ ಕೊಡಿರಿ.

೩. ‘ಈ ಶ್ರೇಣಿಯ ಮಿತಿ ಸೊನ್ನೆಯಲ್ಲ’ ಎಂಬುದನ್ನು, ‘ಅಲ್ಲ’, ‘ಇಲ್ಲ’ ಎಂಬ ಪದಗಳು ವಾಕ್ಯದ ಕೊನೆಯಲ್ಲಿ ಮಾತ್ರ ಬರುವಂತೆ ಕನ್ನಡದಲ್ಲಿ ಬಿಡಿಸಿ ಬರೆಯಿರಿ. ಅದನ್ನು ೧, –೧, ೧, –೧ ಎಂದು ಸಾಗುವ ಶ್ರೇಣಿಗೆ ಅನ್ವಯಿಸಿರಿ.